ಚಕ್ಕುಬಂದಿಯ ಹೆಸರುಗಳು

ಕೇಳುಗರಿಗೆ ನಮಸ್ಕಾರ.

ಹಳೆಯ ಕ್ರಯಪತ್ರವೊಂದು ಕೈಗೆ ಬಂದರೆ ನಮ್ಮ ಕಣ್ಣು ಮೊದಲು ಹೋಗುವುದು ಮಾರಿದವರು ಯಾರು, ಕೊಂಡವರು ಯಾರು ಎನ್ನುವಲ್ಲಿಗೆ. ಚಕ್ಕುಬಂದಿಯನ್ನು ಓದುವ ತಾಳ್ಮೆ ಯಾರಿಗೂ ಇರುವುದಿಲ್ಲ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಇಂಥವರ ಮಕ್ಕಳ ಪಾಲು, ದಕ್ಷಿಣಕ್ಕೆ ದಾರಿ. ತಮ್ಮ ಮನೆತನದ ಬೇರು ಹುಡುಕಲು ಹೊರಟವರಿಗೆ ನಾನು ಹೇಳುವ ಮೊದಲ ಮಾತು ಇದೇ: ಆ ನಾಲ್ಕು ಸಾಲುಗಳನ್ನು ಬಿಡದೆ ಬರೆದಿಟ್ಟುಕೊಳ್ಳಿ. ನಿಮ್ಮ ಮುತ್ತಜ್ಜನ ಹೆಸರಿನವರು ಅದೇ ಸೀಮೆಯಲ್ಲಿ ಹತ್ತು ಜನ ಇದ್ದಿರಬಹುದು. ಅದೇ ಹೆಸರು, ಅದೇ ಅಕ್ಕಪಕ್ಕದವರ ನಡುವೆ ಮತ್ತೆ ಸಿಕ್ಕಿತೆಂದರೆ ಬಹುಮಟ್ಟಿಗೆ ಆತನೇ.

ಜನಗಣತಿಯ ಪುಟಗಳಿಗೂ ಈ ಮಾತು ಒಪ್ಪುತ್ತದೆ. ಗಣತಿದಾರ ಕುಳಿತಲ್ಲಿ ಬರೆದವನಲ್ಲ, ಒಂದು ಮನೆಯಿಂದ ಇನ್ನೊಂದಕ್ಕೆ ನಡೆದು ಬರೆದವನು. ಆದ್ದರಿಂದ ಪುಟದಲ್ಲಿ ಹಿಂದೆಮುಂದೆ ಇರುವ ಕುಟುಂಬಗಳು ಸಾಮಾನ್ಯವಾಗಿ ನೆಲದ ಮೇಲೂ ಅಕ್ಕಪಕ್ಕದವೇ. ಗಣತಿಯ ಪುಟವನ್ನೂ ಕ್ರಯಪತ್ರದ ಚಕ್ಕುಬಂದಿಯನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಎಲ್ಲ ಹೆಸರುಗಳೂ ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತವೆ. ಹತ್ತು ವರ್ಷಕ್ಕೊಮ್ಮೆ ಬರುವ ಗಣತಿ ಒಂದು ದಿನದ ಮನೆಯನ್ನು ತೋರಿಸುತ್ತದೆ. ನಡುವಿನ ಹತ್ತು ವರ್ಷ ಏನಾಯಿತು ಎಂಬುದನ್ನು ಜಮೀನಿನ ಕಾಗದ ಹೇಳುತ್ತದೆ.

ಇವೆರಡೂ ನಮಗಾಗಿ ಬರೆದವಲ್ಲ ಎಂಬುದು ಸದಾ ನೆನಪಿರಬೇಕು. ಬರೆಸಿದ ಸರ್ಕಾರಕ್ಕೆ ತಲೆಗಳ ಲೆಕ್ಕ ಬೇಕಿತ್ತು, ಕಂದಾಯ ಬೇಕಿತ್ತು. 1841ರಲ್ಲಿ ಇಂಗ್ಲೆಂಡಿನ ಗಣತಿದಾರರಿಗೆ ಕೊಟ್ಟ ಸೂಚನೆಯಂತೆ 15 ವರ್ಷ ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕಿತ್ತು. 34ರ ಹೆಂಗಸು ಕಾಗದದಲ್ಲಿ 30ರವಳಾದಳು. ಮನೆಯಲ್ಲಿದ್ದವರು ಒಬ್ಬರಿಗೊಬ್ಬರು ಏನಾಗಬೇಕು ಎಂದು ಅಲ್ಲಿ ಕೇಳತೊಡಗಿದ್ದು 1851ರಿಂದ. ಅಮೆರಿಕದಲ್ಲಿ 1790ರಿಂದ 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ, ಉಳಿದವರೆಲ್ಲ ಬರೀ ಅಂಕಿ. ಐಸ್‌ಲ್ಯಾಂಡಿನವರು ಮಾತ್ರ 1703ರಷ್ಟು ಹಿಂದೆಯೇ ಇಡೀ ದೇಶದ ಒಬ್ಬೊಬ್ಬರ ಹೆಸರನ್ನೂ ಬರೆದಿಟ್ಟರು.

ಉತ್ತರ ಕೊಟ್ಟವರು ಯಾರು ಎಂಬುದೂ ಮುಖ್ಯ. ಗಂಡ ಹೊಲಕ್ಕೆ ಹೋಗಿದ್ದಾಗ ಮಗ ಹೇಳಿದ ವಯಸ್ಸೋ, ಪಕ್ಕದ ಮನೆಯವರ ಅಂದಾಜೋ! 1940ರ ಅಮೆರಿಕದ ಗಣತಿಯಲ್ಲಿ ಮಾಹಿತಿ ಕೊಟ್ಟವರ ಹೆಸರಿನ ಪಕ್ಕ ವೃತ್ತದೊಳಗೊಂದು ಗುಣಾಕಾರದ ಗುರುತು ಹಾಕಿಸಿದರು. ಎಲ್ಲ ಗಣತಿಗಳಲ್ಲೂ ಆ ಗುರುತು ಇದ್ದಿದ್ದರೆ ಎಷ್ಟು ತಪ್ಪು ತೀರ್ಮಾನಗಳು ತಪ್ಪುತ್ತಿದ್ದವೋ. ಹೆಸರಿನ ಕಾಗುಣಿತವಂತೂ ಬರೆದವನ ಕಿವಿಗೆ ಬಿದ್ದಂತೆ. ಅದಕ್ಕೇ ಅಲ್ಲಿ ಹೆಸರುಗಳನ್ನು ಉಚ್ಚಾರದ ಮೇಲೆ ಗುಂಪು ಮಾಡುವ ಸೌಂಡೆಕ್ಸ್ ಎಂಬ ಪದ್ಧತಿ ಬಳಕೆಗೆ ಬಂತು. ಸ್ಮಿತ್ ಎಂದು ಬರೆದರೂ ಸ್ಮೈತ್ ಎಂದು ಬರೆದರೂ ಅದರಲ್ಲಿ ಒಂದೇ ಕಡೆ ಸಿಗುತ್ತವೆ. ಕಾಗುಣಿತ ಬೇರೆ ಎಂಬ ಕಾರಣಕ್ಕೆ ಒಬ್ಬರನ್ನು ಬಿಟ್ಟು ಮುಂದೆ ಹೋಗಬೇಡಿ.

ಗಣತಿಯ ಪುಟಗಳು ಎಲ್ಲ ಕಡೆ ಸಿಗುವುದಿಲ್ಲ. ಅಮೆರಿಕ 72 ವರ್ಷ ಕಾದು ತೆರೆಯುತ್ತದೆ. 1950ರ ಗಣತಿಯನ್ನು 2022ರ ಏಪ್ರಿಲ್‌ನಲ್ಲಿ ತೆರೆದರು. ಭಾರತದಲ್ಲಿ 1948ರ ಜನಗಣತಿ ಕಾಯ್ದೆಯ ಪ್ರಕಾರ ಒಬ್ಬೊಬ್ಬರ ವಿವರ ಗೋಪ್ಯ, ಹಾಗಾಗಿ ಇಲ್ಲಿ ಹುಡುಕುವವರು ಜಮೀನಿನ ದಾಖಲೆಯನ್ನೇ ಹೆಚ್ಚು ನೆಚ್ಚಬೇಕು. ಬೆಂಕಿಯೂ ಬಹಳಷ್ಟನ್ನು ತಿಂದಿದೆ. ಅಮೆರಿಕದ 1890ರ ಗಣತಿ 1921ರ ಬೆಂಕಿಯಲ್ಲಿ ಬಹುಪಾಲು ಹಾಳಾಯಿತು. ಇಂಗ್ಲೆಂಡಿನ 1931ರದ್ದು 1942ರಲ್ಲಿ ಸುಟ್ಟುಹೋಯಿತು. ಐರ್ಲೆಂಡಿನಲ್ಲಿ 1922ರ ಅಂತರ್ಯುದ್ಧದ ಬೆಂಕಿಗೆ ಶತಮಾನಗಳ ಕಾಗದ ಬಲಿಯಾಯಿತು. ಅಲ್ಲಿನವರು ಇವತ್ತು ಹತ್ತೊಂಬತ್ತನೇ ಶತಮಾನದ ಹಿರಿಯರನ್ನು ಹುಡುಕುವುದು 1847ರಿಂದ 1864ರವರೆಗೆ ಪ್ರಕಟವಾದ ಗ್ರಿಫಿತ್‌ ಮೌಲ್ಯಮಾಪನದಲ್ಲಿ. ಅದು ತೆರಿಗೆಗಾಗಿ ಮಾಡಿದ ಭೂಮಿಯ ಪಟ್ಟಿ. ಜನರ ಲೆಕ್ಕ ಬೂದಿಯಾದ ಮೇಲೆ ನೆಲದ ಲೆಕ್ಕ ಕೈಹಿಡಿಯಿತು.

ಈಗ ನನ್ನ ಮನಸ್ಸಿಗೆ ತೀರ ಹತ್ತಿರವಾದ ಸಂಗತಿಗೆ ಬರುತ್ತೇನೆ. ಅಮೆರಿಕದ ಕಪ್ಪು ಜನರ ಕುಟುಂಬಗಳು ತಮ್ಮ ವಂಶವನ್ನು ಹಿಂದಕ್ಕೆ ಹುಡುಕುತ್ತ ಹೋದರೆ 1870ಕ್ಕೆ ಬಂದು ನಿಲ್ಲುತ್ತಾರೆ. ಅದರಾಚೆಗೆ ಗೋಡೆ. 1850ರಲ್ಲೂ 1860ರಲ್ಲೂ ಗಣತಿದಾರರು ಗುಲಾಮರಿಗೆಂದೇ ಬೇರೆ ಹಾಳೆ ತಂದಿದ್ದರು. ಅದರಲ್ಲಿ ಒಡೆಯನ ಹೆಸರಿದೆ. ಅವನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಹೆಸರಿಲ್ಲ. 1860ರಲ್ಲಿ ಹೀಗೆ ಎಣಿಸಿಕೊಂಡವರು ಸುಮಾರು 39.5 ಲಕ್ಷ ಜನ. ಅವರಲ್ಲಿ ಬಹುತೇಕರು ಗಣತಿಯ ಕಾಗದದ ಮೇಲೆ ತಮ್ಮ ಹೆಸರಿನಿಂದ ಮೊದಲು ಕಾಣಿಸಿಕೊಂಡದ್ದು 1870ರಲ್ಲಿ, ಗುಲಾಮಗಿರಿ ರದ್ದಾಗಿ ಐದು ವರ್ಷವಾದ ಮೇಲೆ.

ಆ ಗೋಡೆಯಲ್ಲಿ ಕಿಂಡಿ ಕೊರೆಯಲು ನೆರವಾಗುವುದು ನೆರೆಹೊರೆಯೇ. ಬಿಡುಗಡೆಯಾದವರಲ್ಲಿ ಅನೇಕರು ತಾವು ದುಡಿದ ತೋಟದ ಆಸುಪಾಸಿನಲ್ಲೇ ಉಳಿದರು. ಹೋಗುವುದಕ್ಕೆ ನೆಲವಾದರೂ ಎಲ್ಲಿತ್ತು? ಹಾಗಾಗಿ 1870ರ ಪುಟದಲ್ಲಿ ನಿಮ್ಮವರ ಹಿಂದೆಮುಂದೆ ಇರುವ ದೊಡ್ಡ ಜಮೀನುದಾರರನ್ನೆಲ್ಲ ಪಟ್ಟಿ ಮಾಡಬೇಕು. ಅವರಲ್ಲಿ ಯಾರ ಹೆಸರು 1860ರ ಆ ಹಾಳೆಯಲ್ಲಿದೆ ಎಂದು ನೋಡಬೇಕು. ಹತ್ತು ವರ್ಷ ಕಳೆದು ನೋಡಿದರೆ ವಯಸ್ಸುಗಳು ಹೊಂದುತ್ತವೆಯೇ? ಹೊಂದಿದರೆ ಆ ಒಡೆಯನ ಕ್ರಯಪತ್ರ, ಉಯಿಲು, ಅವನು ಸತ್ತಾಗ ಮಾಡಿದ ಆಸ್ತಿಯ ಪಟ್ಟಿ ಇವನ್ನೆಲ್ಲ ತೆಗೆಸಬೇಕು. ಗಣತಿಯವರು ಬರೆಯದ ಹೆಸರು ಅಲ್ಲಿರುತ್ತದೆ. ಯಾಕೆಂದರೆ ಮನುಷ್ಯರನ್ನು ಮಾರುವಾಗ, ಪಾಲು ಹಂಚುವಾಗ ಯಾರು ಯಾರ ಪಾಲಿಗೆ ಎಂದು ಗುರುತಿಸಬೇಕಿತ್ತು. ನೇಗಿಲು, ಎತ್ತು, ಆಮೇಲೆ ಒಬ್ಬ ತಾಯಿ, ಅವಳ ಮಗು, ಎದುರಿಗೆ ಡಾಲರಿನಲ್ಲಿ ಬೆಲೆ. ಅದನ್ನು ಓದುವಾಗ ಕೈ ತಣ್ಣಗಾಗುತ್ತದೆ. ಆದರೂ ಓದಲೇಬೇಕು, ಆ ತಾಯಿಯ ಹೆಸರು ಬೇರೆಲ್ಲೂ ಉಳಿದಿಲ್ಲದಿರಬಹುದು.

ಇನ್ನೊಂದು ಕಿಂಡಿಯೂ ಇದೆ. ಬಿಡುಗಡೆಯಾದ ಗುಲಾಮರ ಉಳಿತಾಯಕ್ಕೆಂದು 1865ರಲ್ಲಿ ಸ್ಥಾಪನೆಯಾಗಿ 1874ರಲ್ಲಿ ಮುಳುಗಿದ ಫ್ರೀಡ್‌ಮನ್ಸ್ ಬ್ಯಾಂಕಿನಲ್ಲಿ ಖಾತೆ ತೆರೆದವರ ತಂದೆತಾಯಿ, ಒಡಹುಟ್ಟಿದವರು, ಎಷ್ಟೋ ಸಲ ಹಳೆಯ ಒಡೆಯನ ಹೆಸರನ್ನೂ ಬರೆದುಕೊಂಡಿದ್ದರು. ಆ ಪುಸ್ತಕಗಳಲ್ಲಿ ಸುಮಾರು 4,80,000 ಹೆಸರುಗಳಿವೆ. ಉಳಿತಾಯ ಮಾಡಿದವರ ದುಡ್ಡು ಹೋಯಿತು, ಅವರು ಹೇಳಿದ ಹೆಸರುಗಳು ಉಳಿದವು.

ಹೆಂಗಸರನ್ನು ಹುಡುಕುವುದು ಎಲ್ಲ ಕಡೆಯೂ ಕಷ್ಟ. ಮದುವೆಯಾದ ಮೇಲೆ ಹೆಸರು ಬದಲಾಗುತ್ತದೆ, ಖಾತೆ ಗಂಡನದಾಗಿರುತ್ತದೆ. ಇಲ್ಲೂ ಜಮೀನಿನ ಕಾಗದ ಕೆಲವು ಬಾಗಿಲು ತೆರೆಯುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಗಂಡ ಭೂಮಿ ಮಾರುವಾಗ ಹೆಂಡತಿಯನ್ನು ಬೇರೆಯಾಗಿ ಕರೆದು, ಗಂಡನ ಒತ್ತಾಯವಿಲ್ಲದೆ ಒಪ್ಪಿದ್ದೀಯಾ ಎಂದು ಅಧಿಕಾರಿ ಕೇಳಿ ಬರೆಯಬೇಕಿತ್ತು. ಆ ಬರಹದಲ್ಲಿ ಅವಳ ಹೆಸರು ಬರುತ್ತದೆ. ಅದಕ್ಕಿಂತ ಹೆಚ್ಚಿನದು, ತಂದೆ ತೀರಿಕೊಂಡ ಮೇಲೆ ವಾರಸುದಾರರೆಲ್ಲ ಸೇರಿ ಮಾರಿದ ಪತ್ರ. ಗಂಡುಮಕ್ಕಳು, ಹೆಣ್ಣುಮಕ್ಕಳು, ಅಳಿಯಂದಿರು, ತೀರಿಕೊಂಡ ಮಗಳ ಮಕ್ಕಳು, ಎಲ್ಲರೂ ಒಂದೇ ಹಾಳೆಯಲ್ಲಿ. ಒಬ್ಬರ ಸಹಿ ಬಿಟ್ಟರೂ ನಾಳೆ ತಕರಾರು ಎಂದು ಕೊಂಡವನು ಹೆದರಿದ್ದರಿಂದ ನಮಗೆ ಇಡೀ ಮನೆತನ ಸಿಕ್ಕಿತು. ಮಾರುವವನಿಗೆ ಆ ಭೂಮಿ ಹೇಗೆ ಬಂತು ಎಂಬ ಸಾಲನ್ನೂ ಗಮನಿಸಿ, ಹಿಂದಿನ ಪತ್ರಕ್ಕೆ ಅದೇ ದಾರಿ. ಕೊಂಡ ಪತ್ರವೇ ಇಲ್ಲವೆಂದಾದರೆ ಅದು ಪಿತ್ರಾರ್ಜಿತವಾಗಿರಬಹುದು, ಆಗ ಉಯಿಲಿನ ಕಡತ ಕೇಳಿ.

ಮಕ್ಕಳ ವಿಷಯ ಒಂದು ಉಳಿದಿದೆ. 1900ರ ಅಮೆರಿಕದ ಗಣತಿಯಲ್ಲಿ ಪ್ರತಿ ತಾಯಿಗೂ ಎರಡು ಪ್ರಶ್ನೆ ಕೇಳಿದರು: ಹೆತ್ತ ಮಕ್ಕಳೆಷ್ಟು, ಈಗ ಬದುಕಿರುವವರೆಷ್ಟು? ಹೆತ್ತದ್ದು ಒಂಬತ್ತು, ಬದುಕಿರುವುದು ಐದು ಎಂದು ಬರೆದಿದ್ದರೆ ನಾಲ್ವರು ಎಲ್ಲಿ? 1880ರ ಗಣತಿ ಮುಗಿದ ಮೇಲೆ ಹುಟ್ಟಿ 1900ಕ್ಕೆ ಮೊದಲೇ ತೀರಿಕೊಂಡ ಮಗುವಿನ ಹೆಸರು ಇದ್ದಿದ್ದರೆ ಆ ಸುಟ್ಟ 1890ರ ಪುಟಗಳಲ್ಲಿ ಇರಬೇಕಿತ್ತು. ಗಣತಿಯಲ್ಲಿ ಅವರ ಗುರುತೆಂದು ಉಳಿದಿರುವುದು ತಾಯಿಯ ಸಾಲಿನಲ್ಲಿ ಆ ಎರಡು ಅಂಕಿಗಳ ನಡುವಿನ ವ್ಯತ್ಯಾಸ ಮಾತ್ರ.

ಅಂಥ ಮನೆಯ ಕ್ರಯಪತ್ರ ಸಿಕ್ಕಿದರೆ ಕೊನೆಯ ಸಾಲಿನವರೆಗೂ ಓದಿ. ಹೊಲ, ಮನೆ, ಮರ, ಬಾವಿ ಎಲ್ಲವನ್ನೂ ಮಾರಿ ಊರು ಬಿಟ್ಟವರು ಕೂಡ ಕೆಲವೊಮ್ಮೆ ಒಂದು ಮೂಲೆಯನ್ನು ಮಾತ್ರ ಮಾರಾಟದಿಂದ ಹೊರಗಿಟ್ಟು, ಅದರ ಅಳತೆಯನ್ನೂ ಅಲ್ಲಿಗೆ ಹೋಗಿಬರುವ ಹಕ್ಕನ್ನೂ ಬರೆಸಿರುತ್ತಾರೆ. ಅದು ಅವರ ಮನೆಯವರನ್ನು ಮಣ್ಣು ಮಾಡಿದ ಜಾಗ.