ಅಜ್ಜಿಯ 11 ಸೆಕೆಂಡು

ಇದು ನಾನು ತೆಗೆದ ವಿಡಿಯೊ: ತೀರ್ಥಹಳ್ಳಿ ಹತ್ತಿರ ನಮ್ಮ ಅಜ್ಜನ ಮನೆ ಜಗಲಿ. ಅಡಿಕೆ ಕೊಯ್ಲಿನ ಟೈಮು. ಅಜ್ಜಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲೀತಿದ್ದಾರೆ. ಪಕ್ಕದಲ್ಲಿ ಅಜ್ಜ, ಬಾಯಿ ತುಂಬ ಎಲೆಯಡಿಕೆ ಕವಳ. ಹೆಣ್ಣು ನೋಡೋಕೆ ಹೋದ ದಿನದ ಕಥೆ ಹೇಳಿ ಅಂತ ನಾನೇ ಬೆನ್ನು ಬಿದ್ದಿದ್ದೆ.

ಅಜ್ಜ ಶುರು ಮಾಡ್ತಾರೆ. ಬಸ್ಸು ತಪ್ಪಿತ್ತಂತೆ. ಜೋರು ಮಳೆ. ಕಾಡುದಾರಿ ಹಿಡಿದು ನಡೆದೇ ಹೋಗಿದ್ದಾರೆ. ಹೆಣ್ಣಿನ ಮನೆ ಅಂಗಳ ಮುಟ್ಟೋ ಹೊತ್ತಿಗೆ ಎರಡೂ ಕಾಲಿಗೆ ಇಂಬಳ, ಅಂದರೆ ಜಿಗಣೆ; ಸುಣ್ಣ ಹಚ್ಚಿದರೆ ಬಿಡುತ್ತೆ. "ಹೆಣ್ಣು ಉಪ್ಪಿಟ್ಟು ಹಿಡ್ಕೊಂಡು ಬರಬೇಕಿತ್ತಲ್ಲ, ಇವಳು ಸುಣ್ಣದ ಡಬ್ಬಿ ಹಿಡ್ಕೊಂಡು ಬಂದಳು" ಅಂತ ಅಜ್ಜ. ಅಜ್ಜಿ ತಲೆ ಎತ್ತೋದಿಲ್ಲ. "ನಾನಲ್ಲ, ತಂಗಿ ತಂದಿದ್ದು" ಅಂತಾರೆ. ಆಮೇಲೆ ಇಬ್ಬರೂ ಸುಮ್ಮನಾಗ್ತಾರೆ.

ಮೊದಲ ಸಲ ಎಡಿಟ್ ಮಾಡಿದಾಗ ನಾನು ಅಲ್ಲಿಗೇ ಕಟ್ ಮಾಡಿದ್ದೆ. ಎರಡು ಕ್ಯಾಮೆರಾ ಇಟ್ಟಿದ್ದೆ: ಒಂದರಲ್ಲಿ ಇಬ್ಬರೂ ಕಾಣೋ ಶಾಟ್, ಇನ್ನೊಂದರಲ್ಲಿ ಕ್ಲೋಸಪ್. 4 ನಿಮಿಷದ ವಿಡಿಯೊದಲ್ಲಿ 96 ಶಾಟ್; ಶಾಟ್ ಅಂದರೆ ಒಂದು ಕಟ್‌ನಿಂದ ಇನ್ನೊಂದು ಕಟ್‌ವರೆಗಿನ ತುಣುಕು. ಅಜ್ಜನ ಮುಖ, ಅಜ್ಜಿಯ ಕೈ, ಕತ್ತಿ, ಮತ್ತೆ ಅಜ್ಜನ ಮುಖ. ಲೆಕ್ಕ ಹಾಕಿದರೆ ಒಂದೊಂದು ಶಾಟ್‌ಗೆ ಸರಾಸರಿ ಎರಡೂವರೆ ಸೆಕೆಂಡು. ಅಮ್ಮನಿಗೆ ತೋರಿಸಿದೆ. ಅಮ್ಮ ನಗ್ತಾನೇ ನೋಡಿದರು. ಕೊನೆಗೆ ಕೇಳಿದರು: "ಚೆನ್ನಾಗಿದೆ ಮಗಾ. ಆದ್ರೆ ಅವರಿಬ್ಬರೂ ಒಟ್ಟಿಗೆ ಕೂತಿದ್ರಾ?"

ಈ ಪ್ರಶ್ನೆ ಒಂದು ವಾರ ನನ್ನ ತಲೆಯಿಂದ ಹೋಗಲಿಲ್ಲ. ರಾತ್ರಿ ಕೂತು, ನನಗೆ ತುಂಬಾ ಇಷ್ಟವಾದ ಹಳೇ ರೊಮ್ಯಾಂಟಿಕ್ ಕಾಮಿಡಿಗಳನ್ನ ಮತ್ತೆ ಹಾಕ್ಕೊಂಡೆ. ಈ ಸಲ ಗಮನ ಕಥೆ ಕಡೆ ಇರಲಿಲ್ಲ. ಶಾಟ್ ಎಲ್ಲಿ ಶುರುವಾಗುತ್ತೆ, ಎಲ್ಲಿ ಮುಗಿಯುತ್ತೆ, ಅಷ್ಟನ್ನೇ ನೋಡಿದೆ.

ಮೊದಲು 1989ರ 'ವೆನ್ ಹ್ಯಾರಿ ಮೆಟ್ ಸ್ಯಾಲಿ'. ನಿರ್ದೇಶಕ ರಾಬ್ ರೈನರ್, ಚಿತ್ರಕಥೆ ನೋರಾ ಎಫ್ರಾನ್. ಕಥೆಯ ಮಧ್ಯೆ ಮಧ್ಯೆ ವಯಸ್ಸಾದ ದಂಪತಿಗಳು ಸೋಫಾ ಮೇಲೆ ಕೂತು ತಮ್ಮ ಮದುವೆ ಕಥೆ ಹೇಳ್ತಾರೆ. ನಿಜವಾದ ಜನರಿಂದ ಸಂಗ್ರಹಿಸಿದ ಕಥೆಗಳು, ಹೇಳೋರು ನಟರು. ಅದರಲ್ಲೊಬ್ಬ ಚೀನೀ ಅಜ್ಜ ಇದ್ದಾರೆ. ಅವರದ್ದೂ ನೋಡಿ ಮಾಡಿದ ಮದುವೆ. ಹುಡುಗಿ ಹೇಗಿದ್ದಾಳೋ ಅಂತ ಕದ್ದು ಅವಳ ಊರಿಗೆ ಹೋಗಿ, ಮರದ ಹಿಂದೆ ನಿಂತು, ಅವಳು ಬಟ್ಟೆ ಒಗೆಯೋದನ್ನ ನೋಡಿ ಬಂದು ಒಪ್ಪಿಗೆ ಕೊಟ್ಟವರು. ಅವರು ಹೇಳೋವಾಗ ಹೆಂಡತಿ ಪಕ್ಕದಲ್ಲೇ ಕೂತಿರ್ತಾರೆ. ಕ್ಯಾಮೆರಾ ಇಬ್ಬರನ್ನೂ ಹಿಡಿದುಕೊಂಡು ಅಲ್ಲಾಡದೆ ನಿಲ್ಲುತ್ತೆ. ಆ ಅಜ್ಜಿಯ ಮುಖಕ್ಕೊಂದು ಕ್ಲೋಸಪ್ ಹಾಕಬಹುದಿತ್ತಲ್ಲ? ಹಾಕಿದ್ದರೆ ಅವರಿಗೆ ಹೇಗನ್ನಿಸ್ತಿದೆ ಅನ್ನೋದನ್ನ ಎಡಿಟರ್ ನಮ್ಮ ಕೈಗೆ ಕೊಟ್ಟುಬಿಡ್ತಿದ್ದರು. ಹಾಕದೇ ಇರೋದರಿಂದ ನಮ್ಮ ಕಣ್ಣೇ ಅವರಿಂದ ಇವರಿಗೆ, ಇವರಿಂದ ಅವರಿಗೆ ಓಡಾಡುತ್ತೆ.

ಅದೇ ಸಿನಿಮಾದಲ್ಲಿ ಒಂದು ಫೋನ್ ದೃಶ್ಯ ಇದೆ. ಹ್ಯಾರಿ ಒಂದು ಕಡೆ, ಸ್ಯಾಲಿ ಇನ್ನೊಂದು ಕಡೆ, ನಡುವೆ ಒಂದೇ ಹಾಸಿಗೆಯಲ್ಲಿ ಅವರ ಸ್ನೇಹಿತರಿಬ್ಬರು. ಪರದೆ ಮೂರು ಭಾಗ. ನಾಲ್ಕು ಜನ ಒಬ್ಬರ ಮಾತಿನ ಮೇಲೊಬ್ಬರು ಮಾತಾಡ್ತಾರೆ, ಕಟ್ ಇಲ್ಲ. ನಗು ಬರೋದು ಆ ತಾಳದಿಂದ. ಒಬ್ಬರು ಅರ್ಧ ಸೆಕೆಂಡು ತಡ ಮಾಡಿದರೂ ಸರಿಮಾಡೋಕೆ ಕತ್ತರಿ ಇಲ್ಲ. ಎಡಿಟ್ ಟೇಬಲ್ ಮುಂದೆ ಕೂರೋರಿಗೆ ಇದು ಎಂಥ ಧೈರ್ಯ ಅಂತ ಗೊತ್ತಾಗುತ್ತೆ.

ಕಾಮಿಡಿ ಅಂದರೆ ಚಕಚಕ ಕಟ್ ಅಂತ ನಾನು ನಂಬಿದ್ದೆ. ಆದರೆ 1940ರ 'ಹಿಸ್ ಗರ್ಲ್ ಫ್ರೈಡೇ' ನೋಡಿ, ಹೋವರ್ಡ್ ಹಾಕ್ಸ್ ಅವರದು. ಕ್ಯಾರಿ ಗ್ರ್ಯಾಂಟ್ ಮತ್ತು ರೋಸಲಿಂಡ್ ರಸಲ್, ಡೈವೋರ್ಸ್ ಆದ ಪತ್ರಕರ್ತ ಜೋಡಿ. ಅಷ್ಟು ವೇಗದ ಸಿನಿಮಾ ಇವತ್ತೂ ಸಿಗೋದು ಕಷ್ಟ. ಆದರೆ ಆ ವೇಗ ಅವರ ನಾಲಿಗೆಯಲ್ಲಿದೆ. ಇಬ್ಬರೂ ಒಂದೇ ಫ್ರೇಮಿನಲ್ಲಿ ನಿಂತು ಜಗಳ ಆಡ್ತಾರೆ, ಶಾಟ್ ಆರಾಮಾಗಿ ನಿಂತಿರುತ್ತೆ. ಇವರು ಬೇರೆ ಯಾರ ಜೊತೆಗೂ ಬದುಕೋಕೆ ಸಾಧ್ಯವೇ ಇಲ್ಲ ಅನ್ನೋದು ಆ ಜಗಳದಲ್ಲೇ ಗೊತ್ತಾಗುತ್ತೆ.

ಸಿನಿಮಾದ ಒಟ್ಟು ಸೆಕೆಂಡುಗಳನ್ನ ಶಾಟ್‌ಗಳ ಸಂಖ್ಯೆಯಿಂದ ಭಾಗಿಸೋ ಲೆಕ್ಕ ಒಂದಿದೆ, ಸರಾಸರಿ ಶಾಟ್ ಅವಧಿ ಅಂತ. ಬ್ಯಾರಿ ಸಾಲ್ಟ್ ಅನ್ನೋ ವಿದ್ವಾಂಸರು ಬಹಳ ವರ್ಷ ಕೂತು ಇದನ್ನ ಎಣಿಸಿದವರು. ಇನ್ನೊಬ್ಬ ಸಿನಿಮಾ ವಿದ್ವಾಂಸ ಡೇವಿಡ್ ಬೋರ್ಡ್‌ವೆಲ್ ಹೇಳಿರೋ ಪ್ರಕಾರ 1930ರಿಂದ 1960ರವರೆಗೆ ಹೆಚ್ಚಿನ ಹಾಲಿವುಡ್ ಸಿನಿಮಾಗಳಲ್ಲಿ ಇದು ಸುಮಾರು 8ರಿಂದ 11 ಸೆಕೆಂಡು. ಶತಮಾನದ ಕೊನೆಗೆ 3ರಿಂದ 6ಕ್ಕೆ ಇಳಿದಿತ್ತು. ಉಪಯೋಗಕ್ಕೆ ಬರೋ ಲೆಕ್ಕವೇ. ಆದರೆ ಒಂದು ಸಿನಿಮಾ ಎಲ್ಲಿ ಓಡಿತು, ಎಲ್ಲಿ ಉಸಿರು ಹಿಡಿಯಿತು ಅನ್ನೋದನ್ನ ಸರಾಸರಿ ಹೇಳೋದಿಲ್ಲ.

ಅದನ್ನ ನನಗೆ ಕಲಿಸಿದ್ದು 1941ರ 'ದಿ ಲೇಡಿ ಈವ್'. ಪ್ರೆಸ್ಟನ್ ಸ್ಟರ್ಜಸ್ ನಿರ್ದೇಶನ. ಬಾರ್ಬರಾ ಸ್ಟ್ಯಾನ್‌ವಿಕ್ ಹಡಗಿನಲ್ಲಿ ಇಸ್ಪೀಟಾಡಿ ಶ್ರೀಮಂತರನ್ನ ಬೋಳಿಸೋ ಹೆಣ್ಣು. ಹೆನ್ರಿ ಫೋಂಡಾ ಹಾವುಗಳ ಹಿಂದೆ ಬಿದ್ದು ಅಮೆಜಾನ್ ಕಾಡಿನಲ್ಲಿದ್ದು ಬಂದ ಶ್ರೀಮಂತರ ಮಗ. ಮೊದಲು ಅವಳು ಊಟದ ಹಾಲ್‌ನಲ್ಲಿ ಕೈಗನ್ನಡಿ ಹಿಡಿದು, ಅವನ ಗಮನ ಸೆಳೆಯೋಕೆ ಒದ್ದಾಡೋ ಹೆಂಗಸರನ್ನ ನೋಡ್ತಾ ಕಾಮೆಂಟರಿ ಕೊಡ್ತಾಳೆ. ಅಲ್ಲಿ ಕಟ್‌ಗಳು ಬೇಕೇ ಬೇಕು, ಯಾಕಂದ್ರೆ ಅವನಿನ್ನೂ ಅವಳಿಗೆ ದೂರದ ಬೇಟೆ. ಅವಳು ಬೇರೆ ಶಾಟ್, ಅವನು ಬೇರೆ ಶಾಟ್.

ಆಮೇಲೆ ಅವನ ಹಾವಿಗೆ ಹೆದರಿ ಅವಳು ತನ್ನ ಕೋಣೆಗೆ ಓಡಿ ಬರ್ತಾಳೆ. ಅವಳು ದಿವಾನದ ಮೇಲೆ, ಅವನು ಕೆಳಗೆ ನೆಲದ ಮೇಲೆ. ಅವನ ತಲೆಯನ್ನ ತೋಳಲ್ಲಿ ತಬ್ಬಿಕೊಂಡು ಕೂದಲಲ್ಲಿ ಬೆರಳಾಡಿಸ್ತಾ, ಕೆನ್ನೆಗೆ ಕೆನ್ನೆ ತಾಗಿಸಿ, ತನಗೆ ಎಂಥ ಗಂಡ ಬೇಕು ಅಂತ ನಿಧಾನಕ್ಕೆ ಹೇಳ್ತಾಳೆ. ಮೂರು ನಿಮಿಷಕ್ಕೂ ಹೆಚ್ಚು, ಒಂದೇ ಶಾಟ್. ಎರಡೂ ಮುಖ ಒಟ್ಟಿಗೆ. ಅವಳ ಮುಖ ನೋಡಿದರೆ ಪ್ರೀತಿ, ಅವನ ಮುಖ ನೋಡಿದರೆ ನಗು ತಡೆಯೋಕಾಗಲ್ಲ: ಪಾಪ, ಉಸಿರಾಡೋದೇ ಮರೆತ ಹಾಗಿದ್ದಾನೆ. ಇಲ್ಲಿ ಒಂದೇ ಒಂದು ಕಟ್ ಬಿದ್ದಿದ್ದರೂ ಪ್ರೀತಿ ಒಂದು ಶಾಟ್‌ಗೆ, ನಗು ಇನ್ನೊಂದು ಶಾಟ್‌ಗೆ ಹೋಗ್ತಿತ್ತು. ಜೊತೆಗೆ ಇನ್ನೊಂದು. ಶಾಟ್ ನಿಂತಷ್ಟೂ ಹೊತ್ತು ಅವನಿಗೆ ತಪ್ಪಿಸಿಕೊಳ್ಳೋಕೆ ದಾರಿ ಇಲ್ಲ, ನಮಗೂ ಇಲ್ಲ. ಈ ದೃಶ್ಯವನ್ನ ಆ ರಾತ್ರಿ ನಾನು ಐದು ಸಲ ನೋಡಿದೆ.

1995ರ 'ಬಿಫೋರ್ ಸನ್‌ರೈಸ್' ಪೂರ್ತಿ ಕಾಮಿಡಿ ಅಲ್ಲ, ಆದರೂ ಬಿಡೋಕೆ ಮನಸ್ಸಿಲ್ಲ. ವಿಯೆನ್ನಾದ ರೆಕಾರ್ಡ್ ಅಂಗಡಿ. ಇಕ್ಕಟ್ಟಾದ ಗೂಡಿನಲ್ಲಿ ಹುಡುಗ ಹುಡುಗಿ ಹಾಡು ಕೇಳ್ತಿದ್ದಾರೆ, ಮಾತಿಲ್ಲ. ಅವನು ಅವಳನ್ನ ನೋಡಿದಾಗ ಅವಳು ಬೇರೆ ಕಡೆ ನೋಡ್ತಾಳೆ, ಅವಳು ತಿರುಗೋ ಹೊತ್ತಿಗೆ ಇವನ ಕಣ್ಣು ಜಾರಿರುತ್ತೆ. ಒಂದೇ ಶಾಟ್. ಕಟ್ ಮಾಡಿದ್ದರೆ ಕಣ್ಣು ತಪ್ಪಿಸೋ ಆಟವನ್ನ ಎಡಿಟರ್ ಕಟ್ಟಬೇಕಿತ್ತು. ಇಲ್ಲಿ ಅದು ನಮ್ಮ ಎದುರಿಗೇ ನಡೆಯುತ್ತೆ.

ಹೀಗೆ ವಾಪಸ್ ಬಂದೆ, ನನ್ನ 96 ಶಾಟ್‌ಗಳ ಹತ್ತಿರ. ಟೈಮ್‌ಲೈನ್ ಪೂರ್ತಿ ಖಾಲಿ ಮಾಡಿದೆ. ಬ್ಯಾಗ್ರೌಂಡ್ ಮ್ಯೂಸಿಕ್ ತೆಗೆದೆ. ಮೊದಲಲ್ಲಿ ಅಡಿಕೆ ಚಪ್ಪರ, ಅಂಗಳ, ಕತ್ತಿ, ಕೈ ಇವಕ್ಕೆಲ್ಲ ಚಿಕ್ಕ ಶಾಟ್‌ಗಳನ್ನ ಹಾಗೇ ಇಟ್ಟಿದ್ದೇನೆ, ಜಾಗ ಪರಿಚಯವಾಗಲಿ ಅಂತ. ಅಜ್ಜ "ಬಸ್ಸು ತಪ್ಪಿತು" ಅಂದ ಮೇಲೆ ಮಾತ್ರ ಇಬ್ಬರೂ ಕಾಣೋ ಆ ಒಂದೇ ಶಾಟ್.

ಈಗ ಪೂರ್ತಿ ನೋಡಿ. "ನಾನಲ್ಲ, ತಂಗಿ ತಂದಿದ್ದು" ಅಂದರು ಅಜ್ಜಿ. ಅಜ್ಜ ಸುಮ್ಮನೆ ತೋಟದ ಕಡೆ ನೋಡ್ತಿದ್ದಾರೆ. ಅಜ್ಜಿ ಒಂದು ಅಡಿಕೆ ಸುಲಿದರು. ಇನ್ನೊಂದು ತಗೊಂಡರು. ಕೈ ನಿಂತಿತು. 11 ಸೆಕೆಂಡು ಆಯ್ತು. ಈಗ ಕೇಳಿ, ಸ್ವಲ್ಪ ವಾಲ್ಯೂಮ್ ಜಾಸ್ತಿ ಮಾಡಿಕೊಳ್ಳಿ, ಅಜ್ಜಿ ದನಿ ಬಹಳ ಸಣ್ಣದು.

"ತಂಗಿ ತಂದಿದ್ದು. ಬಾಗಿಲಲ್ಲಿ ಕಿತ್ಕೊಂಡೆ."