ಬೂದಿದಿಬ್ಬಕ್ಕೊಂದು ಕೋಣೆ: ಕಡಿಮೆ ಖರ್ಚಿನಲ್ಲಿ ವಸ್ತುಪ್ರದರ್ಶನ

[ದೃಶ್ಯ: ಕುಡತಿನಿಯ ಬೂದಿದಿಬ್ಬ, ಪಕ್ಕದಲ್ಲಿ ಸಾಗುವ ಲಾರಿಗಳು]

ನಮಸ್ಕಾರ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬೂದಿದಿಬ್ಬವಿದೆ. ನವಶಿಲಾಯುಗದ ದನಗಾಹಿಗಳು ಸಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟಿದ್ದರಿಂದ ಇಂಥ ದಿಬ್ಬಗಳು ಬೆಳೆದವು. ಹಂಪಿ ಬಳಿಯ ನಿಂಬಾಪುರದಲ್ಲಿರುವ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿ ಎನ್ನುತ್ತಾರೆ. ಈ ಕಥೆಯನ್ನು ನಿಮ್ಮೂರಿನ ಶಾಲೆಯ ಒಂದು ಕೋಣೆಯಲ್ಲಿ, ಸ್ವಲ್ಪವೇ ಹಣದಲ್ಲಿ ಹೇಳಬಹುದು.

ಹಣ ಹೆಚ್ಚು ಪೋಲಾಗುವುದು ಎಲ್ಲವನ್ನೂ ತೋರಿಸುವ ಆಸೆಯಿಂದ. ಮಸ್ಕಿಯ ಅಶೋಕನ ಶಾಸನ, ಹಿರೇಬೆಣಕಲ್ಲಿನ ಕಲ್ಮನೆಗಳು (ಚಪ್ಪಡಿ ಕಲ್ಲಿನ ಪ್ರಾಚೀನ ಸಮಾಧಿಗಳು), ಹಂಪಿ ಎಲ್ಲವೂ ಒಂದೇ ಕೋಣೆಗೆ ಬಂದರೆ ನೋಡುವವರ ತಲೆಯಲ್ಲಿ ಯಾವುದೂ ನಿಲ್ಲುವುದಿಲ್ಲ. ಒಂದೇ ಪ್ರಶ್ನೆಯನ್ನು ಹಿಡಿಯಿರಿ: ‘ಇಷ್ಟೊಂದು ಬೂದಿ ಎಲ್ಲಿಂದ ಬಂತು?’ ಇದಕ್ಕೆ ಸಂಬಂಧಿಸದ ವಸ್ತು ಎಷ್ಟೇ ಚೆಂದವಿರಲಿ, ಹೊರಗಿಡಿ.

[ದೃಶ್ಯ: ಹಸಿ ಜೇಡಿಮಣ್ಣಿನ ಮೇಲೆ ನಡೆಯುವ ಹಸು]

ಉತ್ತರವನ್ನು ಮೊದಲೇ ಬರೆದು ಅಂಟಿಸಬೇಡಿ, ಸಾಕ್ಷಿಯನ್ನು ಮುಂದಿಡಿ. ಈಗ ತೆಲಂಗಾಣದಲ್ಲಿರುವ ಉಟ್ನೂರಿನ ಬೂದಿದಿಬ್ಬವನ್ನು 1957ರಲ್ಲಿ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ಅಗೆದರು. ಅಲ್ಲಿ ದನಗಳ ಗೊರಸಿನ ಗುರುತುಗಳೂ ದೊಡ್ಡಿಯ ಸುತ್ತ ನೆಟ್ಟ ಕಂಬಗಳ ಕುಳಿಗಳೂ ಸಿಕ್ಕವು. ದಿಬ್ಬ ದನದ ದೊಡ್ಡಿಯಿಂದ ಹುಟ್ಟಿದ್ದು ಎನ್ನಲು ಇದು ಗಟ್ಟಿ ಆಧಾರವಾಯಿತು. ಇದನ್ನೇ ನಾವು ಮಾಡಿ ತೋರಿಸಬಹುದು. ಊರಿನ ಹಸುವೊಂದನ್ನು ಹಸಿ ಜೇಡಿಮಣ್ಣಿನ ಮೇಲೆ ನಡೆಸಿ, ಆ ಗುರುತಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಅಚ್ಚು ತೆಗೆಯಿರಿ. ಅಚ್ಚಿನಿಂದ ಮತ್ತೆ ಜೇಡಿಮಣ್ಣಿನ ಹಲಗೆ ಮಾಡಿ, ಒಣಗಿಸಿ, ಮಕ್ಕಳ ಕೈಗೆಟಕುವಂತೆ ಇಡಿ. ಗಾಜಿನೊಳಗೆ ಬೀಗ ಹಾಕಿದ ವಸ್ತುವಿನ ಮುಂದೆ ಮಗು ಕ್ಷಣಕಾಲ ನಿಲ್ಲುತ್ತದೆ. ಬೆರಳಿಟ್ಟು ನೋಡಿದ ಗೊರಸು ನೆನಪಿನಲ್ಲಿ ಉಳಿಯುತ್ತದೆ.

ಪಕ್ಕದಲ್ಲಿ ದಿಬ್ಬದ ಸೀಳುನೋಟ ಇರಲಿ. ಮೀನು ಸಾಕುವ ಹಳೆಯ ಗಾಜಿನ ತೊಟ್ಟಿಯಲ್ಲಿ ಕುಳ್ಳಿನ ಬೂದಿ, ಒಣ ಸಗಣಿ, ಮಣ್ಣು ಪದರ ಪದರವಾಗಿ ತುಂಬಿ. ಬೂದಿ ಹಾರದಂತೆ ಮೇಲೆ ತೆಳುವಾದ ಅಂಟಿನ ನೀರು ಚಿಮುಕಿಸಿ. ಜೋರು ಬೆಂಕಿಗೆ ಸಗಣಿಬೂದಿ ಕರಗಿ ಕಿಟ್ಟದಂತೆ ಗಟ್ಟಿಯಾಗುತ್ತದೆ. ಅದನ್ನು ತೋರಿಸಲು ಇಟ್ಟಿಗೆ ಭಟ್ಟಿಯಲ್ಲಿ ಸುಟ್ಟು ಕರಗಿ ಗಟ್ಟಿಯಾದ ತುಂಡೊಂದು ಸಾಕು, ಮುಂದೆ ‘ಇಂದಿನ ಮಾದರಿ’ ಎಂದು ಬರೆದಿಡಿ. ದಿಬ್ಬದಿಂದ ಒಂದು ಚೂರನ್ನೂ ತರಬೇಡಿ. ಹೊಲದಲ್ಲಿ ಆ ಕಾಲದ ಕಲ್ಲುಕೊಡಲಿ ಸಿಕ್ಕರೆ ಪುರಾತತ್ವ ಇಲಾಖೆಗೆ ತಿಳಿಸಿ. 1972ರ ಪುರಾವಸ್ತು ಕಾಯ್ದೆ ನೂರು ವರ್ಷ ದಾಟಿದ ಇಂಥ ವಸ್ತುಗಳಿಗೆ ಅನ್ವಯಿಸುತ್ತದೆ. ಅಸಲಿ ಕೊಡಲಿಗಳನ್ನು ನೋಡಲು ಮಕ್ಕಳನ್ನು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಿರಿ.

[ದೃಶ್ಯ: ಗೋಡೆಗೆ ಅಂಟಿಸಿದ ಕಂದು ಕಾಗದ, ಗಟ್ಟಿಯಾಗಿ ಓದುತ್ತಿರುವ ಹುಡುಗಿ]

ಇನ್ನು ಫಲಕಗಳು. ಹೊಳೆಯುವ ಫ್ಲೆಕ್ಸ್ ಬೇಡ, ಕಿಟಕಿಯ ಬೆಳಕು ಬಿದ್ದರೆ ಅಕ್ಷರ ಕಾಣುವುದಿಲ್ಲ. ಸನ್‌ಬೋರ್ಡಿನ (ಹಗುರವಾದ ಫೋಮ್ ಹಲಗೆ) ಮೇಲೆ ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಷನ್ ಮಾಡಿಸಿ. ಒಂದು ಫಲಕಕ್ಕೆ ಐವತ್ತು ಪದ ಮೀರದಿರಲಿ, ಅಕ್ಷರ 30 ಪಾಯಿಂಟಿಗಿಂತ ಚಿಕ್ಕದಾಗದಿರಲಿ. ಕನ್ನಡಕ್ಕೆ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಮುದ್ರಣದ ಅಂಗಡಿಗೆ ಪಿಡಿಎಫ್ ಕೊಡಿ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಅಕ್ಷರಗಳು ಚದುರಿಹೋಗುತ್ತವೆ.

ಮುದ್ರಣಕ್ಕೆ ಮೊದಲು ಬರಹವನ್ನು ಕಂದು ಕಾಗದದ ಮೇಲೆ ಕೈಯಲ್ಲೇ ಬರೆದು ಗೋಡೆಗೆ ಅಂಟಿಸಿ. ಆರನೆಯ ತರಗತಿಯ ಮಗುವೊಂದು ಗಟ್ಟಿಯಾಗಿ ಓದಲಿ. ತಡವರಿಸಿದ ಕಡೆ ಮಗುವನ್ನು ತಿದ್ದಬೇಡಿ, ವಾಕ್ಯವನ್ನು ತಿದ್ದಿ. ಕೊನೆಗೆ ಉಳಿದ ಹಣವನ್ನು ಉದ್ಘಾಟನೆಯ ಹಾರ-ಶಾಲಿಗೆ ಕೊಡದೆ ಫಲಕಗಳ ಎರಡನೆಯ ಮುದ್ರಣಕ್ಕೆ ಎತ್ತಿಡಿ. ಬಾಗಿಲು ತೆರೆದ ಮೊದಲ ವಾರದಲ್ಲಿ ಊರಿನ ಹಿರಿಯರು, ಕುರಿಗಾಹಿಗಳು ನಿಮಗೆ ತಿಳಿಯದ ಸಂಗತಿಗಳನ್ನು ಹೇಳುತ್ತಾರೆ. ಅವಕ್ಕೆ ಗೋಡೆಯಲ್ಲಿ ಜಾಗ ಬೇಕಾಗುತ್ತದೆ.