ಮರುಭೂಮಿ ಪುಕ್ಕಟೆ ಮಾಡ್ತಿದ್ದ ಕೆಲಸಕ್ಕೆ ಬಿಲ್ಲು ಯಾರ ಹೆಸರಿಗೆ?

ಕೇಳುಗರಿಗೆ ನಮಸ್ಕಾರ. ಇವತ್ತು ಒಂದು ಹಳೇ ರೈಲಿನ ವಿಷಯ ಮಾತಾಡೋಣ ಅಂತ ಬಂದಿದೀನಿ, ಆದ್ರೆ ಅದು ಶುರುವಾಗೋದು ನಮ್ಮನೆ ಕಥೆಯಿಂದ. 2020ರ ಮೇ ತಿಂಗಳಲ್ಲಿ ನನ್ನ ಭಾವಮೈದ ಮುಂಬೈಯಿಂದ ರೈಲಲ್ಲಿ ಊರಿಗೆ ಬಂದ, ಲಾಕ್‌ಡೌನ್ ಕಾಲ, ಸೇವಾ ಸಿಂಧುನಲ್ಲಿ ಪಾಸು, ಪ್ಲಾಟ್‌ಫಾರ್ಮಿಗೆ ಇಳಿದ ತಕ್ಷಣ ಕೈಮೇಲೆ ಸೀಲು, ಆಮೇಲೆ 7 ದಿನ ಕ್ವಾರಂಟೈನ್. ಅಲ್ಲಿ ಅವನ ಮುಂದೆ ಎರಡು ದಾರಿ ಇಟ್ರಂತೆ. ಹಾಸ್ಟೆಲ್‌ಗೆ ಹೋದ್ರೆ ಫ್ರೀ, ಲಾಡ್ಜಿಗೆ ಹೋದ್ರೆ ನಿನ್ನ ದುಡ್ಡು. ಹಾಸ್ಟೆಲ್‌ನಲ್ಲಿ ಮೂವತ್ತು ಜನಕ್ಕೆ ಎರಡು ಬಾತ್‌ರೂಮ್ ಅಂತ ಯಾರೋ ಹೇಳಿದ್ರು, ಇವನು ಹೆದರಿ ಲಾಡ್ಜಿಗೆ ಹೋದ. ಕೆಲಸ ಹೋಗಿ, ಕೈ ಖಾಲಿಯಾಗಿ ಊರಿಗೆ ಬಂದವನು. "ಕಾಯಿಲೆ ನಂಗೆ ಇಲ್ಲ, ಇರಬಹುದು ಅನ್ನೋ ಅನುಮಾನ ಅವರದ್ದು, ಅನುಮಾನ ಪಟ್ಟವರು ದುಡ್ಡು ಕೊಡ್ಬೇಕಪ್ಪ, ನಾನ್ಯಾಕೆ ಕೊಡ್ಲಿ" ಅಂತ ಫೋನಲ್ಲಿ ಕೂಗಾಡ್ದ. ಆಗ ನಗು ಬಂತು ನಂಗೆ. ಆಮೇಲೆ ಹಿಜಾಜ್ ರೈಲ್ವೆ, ಅಂದ್ರೆ ಸಿರಿಯಾದ ಡಮಾಸ್ಕಸ್‌ನಿಂದ ಅರೇಬಿಯಾದ ಮದೀನಾಕ್ಕೆ ಹಾಕಿದ್ದ ಹಳೇ ರೈಲಿನ ಬಗ್ಗೆ ಓದ್ತಾ ಇದ್ದಾಗ ಗೊತ್ತಾಯ್ತು, ಇವನು ಕೇಳಿದ ಪ್ರಶ್ನೆಗೆ ನೂರು ವರ್ಷದ ಮೇಲಾಗಿದೆ ಅಂತ.

ಮೊದಲು 1865ಕ್ಕೆ ಹೋಗೋಣ. ಆ ವರ್ಷ ಹಜ್‌ಗೆ ಸುಮಾರು 90 ಸಾವಿರ ಜನ ಸೇರಿದ್ರು ಅಂತ ಅಂದಾಜು, ಅದರಲ್ಲಿ ಹತ್ತಿರ ಹತ್ತಿರ 15 ಸಾವಿರ ಜನ ಕಾಲರಾದಿಂದ ಸತ್ರು. ಉಳಿದವರು ಹಡಗು ಹತ್ತಿ ಸೂಯೆಜ್‌ಗೆ ಬಂದ್ರು. ಸೂಯೆಜ್ ಕಾಲುವೆ ಇನ್ನೂ ಆಗಿರಲಿಲ್ಲ, ಆದ್ರೆ ರೈಲಿತ್ತು, ಅಲ್ಲಿಂದ ರೈಲಲ್ಲಿ ಅಲೆಕ್ಸಾಂಡ್ರಿಯಾ ಬಂದರಿಗೆ. ಜೂನ್‌ನಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಕಾಲರಾ. ಮೂರೇ ತಿಂಗಳಲ್ಲಿ ಈಜಿಪ್ಟ್ ಒಂದರಲ್ಲೇ ಸುಮಾರು 60 ಸಾವಿರ ಜನ ಹೋದ್ರು, ಅಲ್ಲಿಂದ ಮೆಡಿಟರೇನಿಯನ್ ದಾಟಿ ಯುರೋಪಿಗೆ, ಆಮೇಲೆ ಅಮೆರಿಕಕ್ಕೂ.

ಯುರೋಪ್ ನಡುಗಿಹೋಯ್ತು. ಮರುವರ್ಷವೇ, 1866ರಲ್ಲಿ, ಇಸ್ತಾಂಬುಲ್‌ನಲ್ಲಿ ದೊಡ್ಡ ಅಂತರರಾಷ್ಟ್ರೀಯ ಸಮ್ಮೇಳನ ಕರೆದು ತಿಂಗಳುಗಟ್ಟಲೆ ಚರ್ಚೆ ಮಾಡಿದ್ರು. ಅಲ್ಲಿ ಡಾಕ್ಟರ್‌ಗಳು ಒಪ್ಪಿಕೊಂಡ ಒಂದು ಮಾತು ನಂಗೆ ತುಂಬ ಇಷ್ಟ. ಕಾಲರಾಕ್ಕೆ ದೊಡ್ಡ ಮರುಭೂಮಿಗಿಂತ ಒಳ್ಳೆ ತಡೆಗೋಡೆ ಇಲ್ಲ ಅಂತ. ಯೋಚನೆ ಮಾಡಿ, ಡಮಾಸ್ಕಸ್‌ನಿಂದ ಮದೀನಾಕ್ಕೆ ಒಂಟೆ ಕ್ಯಾರವಾನ್‌ನಲ್ಲಿ ಹೋಗೋಕೆ ಸುಮಾರು 40 ದಿನ. ಕ್ವಾರಂಟೈನ್ ಅನ್ನೋ ಪದ ಹುಟ್ಟಿದ್ದೇ ಇಟಲಿಯವರ ನಲವತ್ತು ದಿನದ ಲೆಕ್ಕದಿಂದ, ವೆನಿಸ್‌ನವರು ಹಡಗುಗಳನ್ನ ದೂರದಲ್ಲೇ ನಿಲ್ಲಿಸ್ತಿದ್ರಲ್ಲ, ಅಲ್ಲಿಂದ. ಅಂದ್ರೆ ಮರುಭೂಮಿ ತಾನೇ ಒಂದು ಕ್ವಾರಂಟೈನ್ ಆಗಿತ್ತು. ಕಾಲರಾ ತಗುಲಿಸ್ಕೊಂಡು ಹೊರಟವನು ಒಂದೋ ದಾರಿಯಲ್ಲೇ ಸಾಯ್ತಿದ್ದ, ಇಲ್ಲ ಊರು ಮುಟ್ಟೋ ಹೊತ್ತಿಗೆ ವಾಸಿಯಾಗಿರ್ತಿದ್ದ. ಕ್ರೂರ ನಿಜ, ಆದ್ರೆ ಸರ್ಕಾರಕ್ಕೆ ನಯಾಪೈಸೆ ಖರ್ಚಿಲ್ಲ.

ಈಗ ರೈಲು ಬರುತ್ತೆ. 1900ರಲ್ಲಿ ಒಟ್ಟೋಮನ್ ಸಾಮ್ರಾಜ್ಯದ, ಅಂದ್ರೆ ಇಸ್ತಾಂಬುಲ್‌ನಿಂದ ಆಳ್ತಿದ್ದ ತುರ್ಕರ ಸಾಮ್ರಾಜ್ಯದ, ಸುಲ್ತಾನ್ ಎರಡನೇ ಅಬ್ದುಲ್ ಹಮೀದ್ ಡಮಾಸ್ಕಸ್‌ನಿಂದ ಮದೀನಾಕ್ಕೆ, ಆಮೇಲೆ ಮೆಕ್ಕಾಕ್ಕೆ ರೈಲು ಹಾಕ್ತೀವಿ ಅಂತ ಘೋಷಣೆ ಮಾಡ್ದ. ಹಳಿಗಳ ಅಗಲ 1050 ಮಿಲಿಮೀಟರ್, ಅಂದ್ರೆ ನಮ್ಮ ಹಳೇ ಮೀಟರ್ ಗೇಜ್‌ಗಿಂತ ಐದು ಸೆಂಟಿಮೀಟರ್ ಜಾಸ್ತಿ. ಮುಖ್ಯ ಇಂಜಿನಿಯರ್ ಮೈಸ್ನರ್ ಅನ್ನೋ ಜರ್ಮನ್ನು, ಹಳಿ ಹಾಕೋ ಕೆಲಸದ ಬಹುಪಾಲು ಒಟ್ಟೋಮನ್ ಸೈನಿಕರದ್ದು, ಅವರಲ್ಲೂ ಎಷ್ಟೋ ಜನ ಕಾಲರಾಕ್ಕೆ ಬಲಿಯಾದ್ರು. ಸುಲ್ತಾನನ ಹಠ ಏನಂದ್ರೆ, ಇದು ಮುಸ್ಲಿಮರ ಪವಿತ್ರ ರೈಲು, ಯುರೋಪಿನ ಬ್ಯಾಂಕುಗಳ ಸಾಲ ಬೇಡ. ಸರಿ, ಜಗತ್ತಿನ ಮುಸ್ಲಿಮರ ಹತ್ರ ಚಂದಾ ಎತ್ತಿದ್ರು. ದಾನ ಕೊಟ್ಟವರಿಗೆ ಮೆಡಲ್, ಅದರಲ್ಲೂ ಚಿನ್ನದ್ದು ಬೆಳ್ಳಿಯದ್ದು ನಿಕ್ಕಲ್‌ದು ಅಂತ ತರಗತಿ ಬೇರೆ. ಸರ್ಕಾರಿ ನೌಕರರ ಸಂಬಳದಲ್ಲಿ ಕಡಿತ, ಕಾಗದ ಪತ್ರಕ್ಕೆ ಅಂಟಿಸೋಕೆ ಸ್ಪೆಷಲ್ ಸ್ಟಾಂಪು, ಕೊನೆಗೆ ಬಕ್ರೀದ್‌ನಲ್ಲಿ ಕೊಯ್ದ ಕುರಿಗಳ ಚರ್ಮ ಕೂಡ ಮಾರಿ ಆ ದುಡ್ಡು ರೈಲಿಗೆ. ಹಿಂದೂಸ್ತಾನದ ಮುಸ್ಲಿಮರು ಚೆನ್ನಾಗೇ ಕೊಟ್ರು, ಹೈದರಾಬಾದಿನಲ್ಲೂ ಚಂದಾ ಎತ್ತಿದ್ರು, ನಿಜಾಮರ ರಾಜ್ಯ ಅಂದ್ರೆ ಆಗ ನಮ್ಮ ಕಲಬುರಗಿ, ಬೀದರ್, ರಾಯಚೂರು ಎಲ್ಲ ಅದರೊಳಗೇ ಇತ್ತು ಅನ್ನೋದು ನೆನಪಿರಲಿ. ಒಟ್ಟು ಖರ್ಚಿನಲ್ಲಿ ಮೂರರಲ್ಲೊಂದು ಪಾಲಿನ ಹತ್ತಿರ ಬರೀ ಚಂದಾನೇ. ಉಳಿದಿದ್ದು ತೆರಿಗೆ, ಕಡಿತ, ಖಜಾನೆ.

1908ರ ಸೆಪ್ಟೆಂಬರ್‌ನಲ್ಲಿ ರೈಲು ಮದೀನಾ ಮುಟ್ತು. 1300 ಕಿಲೋಮೀಟರ್. 40 ದಿನದ ದಾರಿ 3 ದಿನಕ್ಕೆ ಬಂತು.

ಇಲ್ಲಿ ಒಂದು ಚಿಕ್ಕ ಲೆಕ್ಕ ಇದೆ, ಪೆನ್ನು ಪೇಪರ್ ಬೇಡ. ಕಾಲರಾ ಕ್ರಿಮಿ ಹೊಟ್ಟೆಗೆ ಹೋದ ಮೇಲೆ ಕೆಲವು ಗಂಟೆಯಿಂದ 5 ದಿನದೊಳಗೆ ಕಾಯಿಲೆ ಕಾಣಿಸ್ಕೊಳ್ಳುತ್ತೆ. ಒಂಟೆ ಮೇಲೆ 40 ದಿನ, ಅಂದ್ರೆ 5ಕ್ಕಿಂತ ಎಷ್ಟೋ ಜಾಸ್ತಿ. ರೈಲಲ್ಲಿ 3 ದಿನ, ಅಂದ್ರೆ 5ಕ್ಕಿಂತ ಕಮ್ಮಿ. ಮದೀನಾದಲ್ಲಿ ಆರಾಮಾಗಿ ಟ್ರೇನ್ ಹತ್ತಿದವನು ಡಮಾಸ್ಕಸ್‌ನಲ್ಲಿ ಇಳಿದು, ಮನೆಗೆ ಹೋಗಿ, ಎಲ್ಲರನ್ನೂ ಅಪ್ಪಿಕೊಂಡು, ಊಟಕ್ಕೆ ಕೂತ ಮೇಲೆ ವಾಂತಿ ಶುರುವಾಗಬಹುದು. ಇಷ್ಟು ವರ್ಷ ಮರುಭೂಮಿ ಪುಕ್ಕಟೆ ಮಾಡಿಕೊಡ್ತಿದ್ದ ಕೆಲಸವನ್ನ ಈಗ ದುಡ್ಡು ಕೊಟ್ಟು ಮಾಡಿಸ್ಬೇಕು, ಮುಳ್ಳುತಂತಿ, ಶೆಡ್ಡು, ನೀರು, ಡಾಕ್ಟರ್, ಕಾವಲು, ಎಲ್ಲ. ಹಾಗಾಗಿ ತಬೂಕ್‌ನಲ್ಲಿ ಕ್ವಾರಂಟೈನ್ ಸ್ಟೇಷನ್ ಬಂತು, ಡಮಾಸ್ಕಸ್‌ನಿಂದ ಸುಮಾರು 700 ಕಿಲೋಮೀಟರ್ ದಕ್ಷಿಣಕ್ಕೆ. ಹಜ್ ಮುಗಿಸಿ ವಾಪಸ್ ಹೋಗೋ ರೈಲುಗಳನ್ನ ಅಲ್ಲಿ ನಿಲ್ಲಿಸಿ ಜನರನ್ನ ಇಳಿಸ್ತಿದ್ರು.

ತಬೂಕೇ ಯಾಕೆ? ನಂಗನ್ನಿಸೋದು ಹೇಳ್ತೀನಿ. ಮದೀನಾ ಕಡೆಗೆ ಇನ್ನೂ 250 ಕಿಲೋಮೀಟರ್ ಹೋದ್ರೆ ಮದಾಯಿನ್ ಸಾಲಿಹ್ ಅನ್ನೋ ಸ್ಟೇಷನ್, ಅದರಾಚೆ ಮುಸ್ಲಿಮರಲ್ಲದವರಿಗೆ ಪ್ರವೇಶ ಇಲ್ಲ, ಪಾಪ ಆ ಮೈಸ್ನರ್ ಕೂಡ ತಾನೇ ಶುರುಮಾಡಿದ ರೈಲಿನ ಕೊನೇ ಭಾಗಕ್ಕೆ ಹೋಗೋ ಹಾಗಿರಲಿಲ್ಲ, ಅದನ್ನ ಮುಸ್ಲಿಂ ಇಂಜಿನಿಯರ್‌ಗಳೇ ಮುಗಿಸಿದ್ದು. ಯುರೋಪಿನ ಡಾಕ್ಟರ್ ಬಂದು ತಪಾಸಣೆ ಮಾಡ್ಬೇಕಂದ್ರೆ ಅದಕ್ಕಿಂತ ಈಚೆಗೇ ಇರಬೇಕಲ್ಲ.

ಯುರೋಪಿನವರು ಎಲ್ಲಿಂದ ಬಂದ್ರು ಅಂತೀರಾ? ಅದೇ ತಮಾಷೆ. ಒಟ್ಟೋಮನ್ ಸಾಮ್ರಾಜ್ಯದ ಕ್ವಾರಂಟೈನ್ ನೋಡ್ಕೊಳ್ಳೋಕೆ ಇಸ್ತಾಂಬುಲ್‌ನಲ್ಲಿ 1838ರಿಂದ ಒಂದು ಆರೋಗ್ಯ ಮಂಡಳಿ ಇತ್ತು, ಸಾಮ್ರಾಜ್ಯ ಸುಲ್ತಾನನದ್ದು, ಮಂಡಳಿಯಲ್ಲಿ ಬ್ರಿಟಿಷ್, ಫ್ರೆಂಚ್, ರಷ್ಯನ್ ಹೀಗೆ ಹೊರಗಿನ ಪ್ರತಿನಿಧಿಗಳದ್ದೇ ಕಾರುಬಾರು. ಅದಕ್ಕೆ ಆದಾಯ ಬರ್ತಿದ್ದಿದ್ದು ಹಡಗುಗಳಿಂದ ಮತ್ತು ಯಾತ್ರಿಗಳ ತಲೆಗಂದಾಯದಿಂದ. ಹಡಗಿಗೆ ಟನ್ ಲೆಕ್ಕದಲ್ಲಿ ಶುಲ್ಕ ಹಾಕಬಹುದು, ಕಂಪನಿ ಕೊಡುತ್ತೆ. ಆದ್ರೆ ಇದು ಚಂದಾ ಎತ್ತಿ ಕಟ್ಟಿದ ಧರ್ಮದ ರೈಲು, ಯಾರ ಹತ್ರ ಅಂತ ಶುಲ್ಕ ವಸೂಲು ಮಾಡ್ತೀರಿ? ರೈಲಿನ ಫಂಡ್‌ನಿಂದ ತಗೊಂಡ್ರೆ, ಹಳಿಗೆ ಅಂತ ಕುರಿಚರ್ಮ ಕೊಟ್ಟವನ ದುಡ್ಡು ಯುರೋಪಿನ ಭಯಕ್ಕೆ ಖರ್ಚಾದ ಹಾಗೆ. ಮಂಡಳಿಯಿಂದ ತಗೊಂಡ್ರೆ, ಅವರ ಮಾತು ಹಳಿ ಮೇಲೂ ನಡೆಯುತ್ತೆ. ಯಾತ್ರಿಯ ಹತ್ರ ತಗೊಂಡ್ರೆ, ಅವನು ಹಜ್ ಮುಗಿಸಿ ಇರೋದೆಲ್ಲ ಖರ್ಚು ಮಾಡಿ ವಾಪಸ್ ಬರ್ತಾ ಇದಾನೆ, ಜೇಬು ಖಾಲಿಯಾದಾಗಲೇ ಬಿಲ್ಲು ಬರೋದು. ನನ್ನ ಭಾವಮೈದನ ಹಾಗೇ.

ನಮ್ಮ ಕಡೆಯ ಹಾಜಿಗಳು ಈ ರೈಲು ಹತ್ತಿದ್ದು ಕಮ್ಮಿ ಬಿಡಿ. ಇಲ್ಲಿಂದ ರೈಲಲ್ಲಿ ಬಾಂಬೆ, ಬಾಂಬೆಯಿಂದ ಹಡಗಲ್ಲಿ ಜಿದ್ದಾ. ಅವರಿಗೆ ಕಾಟ ಕೊಟ್ಟಿದ್ದು ಕಮರಾನ್, ಯಮನ್ ತೀರದ ಒಂದು ಬೋಳು ದ್ವೀಪ, 1882ರಲ್ಲಿ ಅಲ್ಲಿ ಕ್ವಾರಂಟೈನ್ ಶುರು. ಹೋಗೋವಾಗಲೇ ಇಳೀಬೇಕು, ದಿನಗಟ್ಟಲೆ ಬಿಸಿಲಲ್ಲಿ ಕೂರಬೇಕು, ತಲೆಗಿಷ್ಟು ಅಂತ ಶುಲ್ಕ ಕೊಡ್ಬೇಕು, ನೀರು ಸರಿಯಿಲ್ಲ, ಅಂಗಡಿಯವನು ಹೇಳಿದ್ದೇ ರೇಟು. ಈ ದೂರುಗಳು ವರ್ಷ ವರ್ಷ ಬ್ರಿಟಿಷ್ ದಾಖಲೆಗಳಲ್ಲಿ ಸಿಗ್ತವೆ. ಅದಕ್ಕೂ ಮೇಲೆ, 1896ರಲ್ಲಿ ಬಾಂಬೆಗೆ ಪ್ಲೇಗ್ ಬಂದಾಗ, 1897ರ ಫೆಬ್ರವರಿಯಲ್ಲಿ ಅಲ್ಲಿಂದ ಹಜ್ ಹಡಗುಗಳನ್ನೇ ನಿಲ್ಲಿಸಿಬಿಟ್ರು. ಮರುವರ್ಷ ಅದೇ ಪ್ಲೇಗ್ ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬೆಂಗಳೂರಿಗೆ ಬಂತು. ಆ ಪ್ಲೇಗ್ ಆದ ಮೇಲೆ ಬೆಳೆದ ಬಸವನಗುಡಿ, ಮಲ್ಲೇಶ್ವರದ ಅಗಲ ಅಗಲ ರಸ್ತೆಗಳಲ್ಲಿ ವಾಕಿಂಗ್ ಮಾಡೋರು ಆ ರೈಲನ್ನ ಒಂದ್ಸಲ ನೆನೆಸ್ಕೋಬೇಕು.

ಇಂಥ ಕ್ವಾರಂಟೈನ್ ಕ್ಯಾಂಪುಗಳ ಒಳಗೆ ಏನು ನಡೀತಿತ್ತು ಅಂದ್ರೆ, ಈಜಿಪ್ಟಿನ ಸೈನಾಯ್ ತೀರದಲ್ಲಿ ಅಲ್ ತೂರ್ ಅಂತ ಒಂದು ಕ್ಯಾಂಪ್ ಇತ್ತು, ಹಡಗಲ್ಲಿ ಈಜಿಪ್ಟ್ ಕಡೆಗೆ ವಾಪಸ್ ಹೋಗೋರಿಗೆ, ಅದನ್ನೇ ನೋಡಿ. ಒಂದು ಹಡಗಿನವರು ಇನ್ನೊಂದು ಹಡಗಿನವರ ಜೊತೆ ಸೇರೋ ಹಾಗಿಲ್ಲ, ಬೇಲಿ ಹಾಕಿ ಬೇರೆ ಬೇರೆ ಅಂಗಳ. ಮೈಮೇಲಿನ ಬಟ್ಟೆ, ಹಾಸಿಗೆ, ಗಂಟುಮೂಟೆ ಎಲ್ಲ ಬಿಚ್ಚಿಸಿ ದೊಡ್ಡ ಕಬ್ಬಿಣದ ಹಬೆ ಒಲೆಗೆ. ನಮ್ಮ ಇಡ್ಲಿ ಪಾತ್ರೆನ ರೂಮಿನಷ್ಟು ದೊಡ್ಡದು ಮಾಡಿ ಯೋಚಿಸಿ. ಬಟ್ಟೆ ತಡ್ಕೊಳ್ಳುತ್ತೆ, ಚರ್ಮ ತಡ್ಕೊಳ್ಳಲ್ಲ, ಹಬೆ ತಗುಲಿದ್ರೆ ಸುರುಟಿ ಹೋಗುತ್ತೆ, ಚಪ್ಪಲಿ ಹುಷಾರಾಗಿ ಬೇರೆ ಇಡಬೇಕು. ಅಲ್ಲೇ 1905ರಲ್ಲಿ ಗಾಟ್‌ಶ್ಲಿಷ್ ಅನ್ನೋ ಡಾಕ್ಟರ್ ಸತ್ತ ಯಾತ್ರಿಗಳ ದೇಹದಿಂದ ಒಂದು ಕ್ರಿಮಿ ಬೇರ್ಪಡಿಸ್ದ. ಅದಕ್ಕೆ ಆ ಕ್ಯಾಂಪಿನದ್ದೇ ಹೆಸರು ಬಿತ್ತು, ಎಲ್ ಟಾರ್ ಅಂತ. 1961ರಿಂದ ಜಗತ್ತೆಲ್ಲ ಹಬ್ಬಿದ ಕಾಲರಾ ಅದೇ, ನಮ್ಮ ಲ್ಯಾಬ್ ರಿಪೋರ್ಟ್‌ಗಳಲ್ಲಿ ಬರೋ ಹೆಸರೂ ಅದೇ. ಯಾತ್ರಿಗಳ ದುಡ್ಡಲ್ಲಿ ನಡೆದ ಕ್ಯಾಂಪಿಂದ ವಿಜ್ಞಾನಕ್ಕೆ ಲಾಭ ಆಗ್ಲಿಲ್ಲ ಅಂತ ನಾನು ಹೇಳ್ತಿಲ್ಲ. ಲಾಭ ಎಲ್ಲರಿಗೂ ಆಯ್ತು, ಬಿಲ್ಲು ಮಾತ್ರ ಒಬ್ಬರಿಗೆ ಬಂತು ಅನ್ನೋದಷ್ಟೇ ನನ್ನ ತಕರಾರು.

ರೈಲು ಮೆಕ್ಕಾ ಮುಟ್ಟಲೇ ಇಲ್ಲ. ಮೊದಲ ಮಹಾಯುದ್ಧದಲ್ಲಿ ಒಟ್ಟೋಮನ್ನರ ವಿರುದ್ಧ ಎದ್ದ ಅರಬ್ ದಂಗೆಯವರು, ಬ್ರಿಟಿಷ್ ಅಧಿಕಾರಿ ಲಾರೆನ್ಸ್ ಜೊತೆ ಸೇರಿ, ಹಳಿಗಳಿಗೆ ಬಾಂಬ್ ಇಟ್ರು, ಮದೀನಾ ಕಡೆಯ ಓಡಾಟ ನಿಂತೇಹೋಯ್ತು. ಇಸ್ತಾಂಬುಲ್‌ನ ಆ ಆರೋಗ್ಯ ಮಂಡಳಿಯನ್ನ, ಯುದ್ಧದ ನಂತರ ಟರ್ಕಿ ಜೊತೆ ಆದ 1923ರ ಲೋಸಾನ್ ಒಪ್ಪಂದ ರದ್ದು ಮಾಡ್ತು, ಅದಕ್ಕೇ ಅಂತ ಒಂದು ಕಲಮು ಇದೆ ಅದರಲ್ಲಿ. ಆಮೇಲೆ ತೈಲದ ದುಡ್ಡು ಬಂದ ಮೇಲೆ ಸೌದಿಯವರು 1952ರಲ್ಲಿ ಹಾಜಿಗಳ ಮೇಲಿನ ತೆರಿಗೆ ತೆಗೆದ್ರು, 1956ರಲ್ಲಿ ಜಿದ್ದಾದಲ್ಲಿ ತಮ್ಮದೇ ಖರ್ಚಲ್ಲಿ ದೊಡ್ಡ ಕ್ವಾರಂಟೈನ್ ಆಸ್ಪತ್ರೆ ತೆರೆದ್ರು, ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಹಜ್ ಯಾತ್ರಿಗಳಿಗೇ ಅಂತ ಇದ್ದ ವಿಶೇಷ ನಿಯಮಗಳನ್ನ ಕೈಬಿಡೋಕೆ ಒಪ್ಕೊಳ್ತು.

ತಬೂಕ್‌ನ ಆ ಸ್ಟೇಷನ್ ಕಟ್ಟಡ ಇನ್ನೂ ಇದೆ, ರಿಪೇರಿ ಮಾಡಿ ಇಟ್ಟಿದಾರೆ, ನೋಡೋಕೆ ಜನ ಹೋಗ್ತಾರೆ. ನನ್ನ ಭಾವಮೈದ ಆ ಲಾಡ್ಜಿನ ರಶೀದಿ ಇನ್ನೂ ಇಟ್ಕೊಂಡಿದಾನೆ, ಯಾರಿಗೆ ಕೊಡ್ಬೇಕು ಅಂತ ಗೊತ್ತಿಲ್ದೆ. ನಮಸ್ಕಾರ.